ಬೇರಿಗೆ ಕಟ್ಟಿದ ಔಷಧ

ತೆಂಗಿನ ಸುಳಿಯೊಳಗೆ ಹೊಕ್ಕ ಕರಿ ದುಂಬಿಯನ್ನು ಕಬ್ಬಿಣದ ಕೊಂಡಿಯಿಂದ ಎಳೆದು ತೆಗೆಯುವುದರಲ್ಲಿ ಉಗರಗೋಳದ ನಿಜಗುಣಪ್ಪನನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಸವದತ್ತಿಯ ತೋಟದವರೂ ಅವನನ್ನು ಕರೆಯಲು ಬರುತ್ತಿದ್ದರು. ಮರದ ಮೇಲೆ ಅವನು ಹುಲಿ, ಕೆಳಗಿಳಿದರೆ ಹೆಂಡತಿ ಸುಂದರವ್ವನ ಮುಂದೆ ಇಲಿ. ಅವಳು ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು, ಆಮೇಲೆ ತನಗೆ ತಿಳಿದದ್ದನ್ನೇ ಮಾಡುವುದು. ಇದನ್ನೇ ಅವನು ಸಂಸಾರದ ಜಾಣತನ ಎಂದುಕೊಂಡಿದ್ದ. ಪಾಪ, ಅದೇ ಅವನನ್ನು ಕೆಡಿಸಿತು.

2001ರ ಬೇಸಿಗೆಯಲ್ಲಿ ಕಪ್ಪುತಲೆ ಹುಳು ಬಂತು. ಗರಿಯ ಅಡಿಯಲ್ಲಿ ಕುಳಿತು ಹಸಿರೆಲ್ಲ ಕೆರೆದು ತಿಂದಿತು. ಮರಗಳು ಸುಟ್ಟಂತೆ ಕಂಡವು. ಇದು ಕೊಂಡಿಗೆ ಸಿಗುವ ಹುಳುವಲ್ಲ. ಎಳೆಯ ಬೇರನ್ನು ಓರೆಯಾಗಿ ಕೊಯ್ದು, ವಿಷದ ಔಷಧ ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಬೇಕು. ಬೇರು ಕುಡಿದದ್ದು ಗರಿಗೆ ಏರಿ ಹುಳು ಸಾಯುತ್ತದೆ. ಆದರೆ ಆಮೇಲೆ ಒಂದೂವರೆ ತಿಂಗಳು ಆ ಮರದ ಕಾಯಿ ಮುಟ್ಟಬಾರದು.

ಹಿತ್ತಲಿನ ಮರಕ್ಕೆ ಸುಂದರವ್ವ ಅಮಾವಾಸ್ಯೆಗೊಮ್ಮೆ ಅರಿಷಿಣ ಕುಂಕುಮ ಹಚ್ಚುತ್ತಿದ್ದಳು. ಅದಕ್ಕೆ ವಿಷ ಎಂದರೆ ಅವಳು ರಂಪ ಮಾಡುತ್ತಾಳೆ ಎಂದು ನಿಜಗುಣಪ್ಪ ಅಂಜಿ, ಅವಳು ಗುಡಿಗೆ ಹೋದಾಗ ಚೀಲ ಕಟ್ಟಿ ಮಣ್ಣು ಮುಚ್ಚಿದ. ಅಡುಗೆಗೆಂದು ಸಂತೆಯಿಂದ ಕಾಯಿ ತಂದಿಟ್ಟ. ಅಲ್ಲಿಗೆ ಮುಗಿಯಿತು ಎಂದುಕೊಂಡ.

ಅದೇ ವಾರ ಶಿವಲೀಲಾ ಬಂದಳು. ಅವಳು ನಿಜಗುಣಪ್ಪನ ತೀರಿಹೋದ ಅಣ್ಣನ ಮಗಳು. ಮಕ್ಕಳಿಲ್ಲದ ಸುಂದರವ್ವ ಎದೆಗೆ ಹಚ್ಚಿಕೊಂಡು ಸಾಕಿದ್ದಳು. ರಾಮದುರ್ಗಕ್ಕೆ ಕೊಟ್ಟಿದ್ದರು. ಎರಡು ಸಲ ಬಸಿರು ಇಳಿದುಹೋಗಿ, ಈಗ ಮತ್ತೆ ಐದು ತಿಂಗಳು. ಅವಳು ಹೊರಡುವ ದಿನ ನಿಜಗುಣಪ್ಪ ಸವದತ್ತಿಗೆ ಹೋಗಿದ್ದ. ಸಂಜೆ ಮನೆಗೆ ಬಂದವನಿಗೆ ಸುಂದರವ್ವ ಹಿಗ್ಗಿನಿಂದ ಹೇಳಿದಳು:

"ಸಂತಿ ಕಾಯಿ ಯಾಕ ಬೇಕ್ರಿ ನಮ್ಮ ಹುಡುಗಿಗೆ? ಆಳು ಕಾಡಪ್ಪನ್ನ ಮರಾ ಹತ್ತಿಸಿ, ಹಿತ್ತಲ ಮರದ್ದs ಹಾಕಿ ಉಡಿ ತುಂಬೀನಿ. ಹೋಗಿ ಒಡದು ಪಾಯಸ ಮಾಡ್ಕೊಂಡು ತಿನ್ನು ಅಂದೀನಿ."

ಅವನು ಬಂದ ಕಾಲಲ್ಲೇ ರಾಮದುರ್ಗದ ಬಸ್ಸಿಗೆ ಓಡಿದ. ಉಡಿಯಲ್ಲಿ ಹಾಕಿದ್ದನ್ನು ತಿರುಗಿ ಕೇಳುವುದೆಂದರೆ, ಅದೂ ಬಸುರಿಯ ಉಡಿಯಿಂದ, ಅವಳ ಹೊಟ್ಟೆಯ ಕೂಸನ್ನೇ ಕೇಳಿದಂತೆ. ಕೇಳದಿದ್ದರೆ?

ಅಲ್ಲಿ ಕಾಯಿ ಇನ್ನೂ ಒಡೆಯದೆ ದೇವರ ಜಗಲಿಯ ಮೇಲೆಯೇ ಇತ್ತು. ನಿಜಗುಣಪ್ಪನಿಗೆ ಅಳು ಬಂತು. ಅವನು ಕಾಯಿ ಕೇಳಿದ್ದೇ ಶಿವಲೀಲಾಳ ಅತ್ತೆ ತಂಗೆವ್ವ ಅಡ್ಡ ನಿಂತಳು.

"ಉಡ್ಯಾಗಿಂದು ಹೊಳ್ಳಿ ಒಯ್ಯಾಕ ಬಂದೀರೇನ್ರಿ? ಏನ್ ಮಾತ್ರಿ ಇದು!"

"ಆ ಮರಕ್ಕ ಔಷಧ ಕಟ್ಟೀನ್ರಿ. ವಿಷ ಅದು."

ಶಿವಲೀಲಾ ಸಣ್ಣ ದನಿಯಲ್ಲಿ ಕೇಳಿದಳು: "ಚಿಗವ್ವಗ ಗೊತ್ತಿತ್ತೇನ್ ಕಾಕಾ?"

"ಇಲ್ಲವ್ವಾ. ನಾನs ಆಕಿಗೆ ಹೇಳಿಲ್ಲ."

ಅವಳೇ ಕಾಯಿ ತಂದು ಅವನ ಕೈಗಿಟ್ಟಳು. ಅವನು ಅದನ್ನು ದೂರ ಒಯ್ದು ಹೂಳಿದ. ಊರಿಗೆ ಬಂದು ಹೆಂಡತಿಗೂ ಎಲ್ಲ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ಕೂಸು ಹುಟ್ಟಿತು, ಗಟ್ಟಿಮುಟ್ಟಾಗಿ. ತೊಟ್ಟಿಲಿಗೆ ಕರೆ ಬಂತು, ಜೊತೆಗೆ ತಂಗೆವ್ವನ ಮಾತೂ ಬಂತು: "ಬರ್ರಿ, ಉಡಿ ಸಾಮಾನು ಮಾತ್ರ ತರಬ್ಯಾಡ್ರಿ." ಶಿವಲೀಲಾಳ ಉಡಿಗೆಂದು ಹೊಲಿಸಿಟ್ಟ ಕುಬಸವನ್ನು ಪೆಟ್ಟಿಗೆಯಲ್ಲೇ ಬಿಟ್ಟು ಸುಂದರವ್ವ ಬರಿಗೈಯಲ್ಲಿ ಹೋದಳು.

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಾಣಂತಿಯ ಉಡಿ ತುಂಬಿದರು. ಸುಂದರವ್ವನನ್ನು ಯಾರೂ ಕರೆಯಲಿಲ್ಲ. ಪಡಸಾಲೆಯಲ್ಲಿ ಗಂಡಸರ ನಡುವೆ ಕುಳಿತಿದ್ದ ನಿಜಗುಣಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಅಂದ:

"ತಪ್ಪು ನಂದ್ರೆವಾ. ಆಕೀದೇನೂ ಇಲ್ಲ."

"ಗೊತ್ತೈತ್ರಿ," ಎಂದಳು ತಂಗೆವ್ವ, ಸಿಟ್ಟಿಲ್ಲದೆ. "ಖರೆ, ಹಾಕಿದ ಕೈ ಆಕೀದಲ್ಲೇನ್ರಿ?"

ಸುಂದರವ್ವ ಮಡಿಲ ಮೇಲಿದ್ದ ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.