ವೆಂಕಟಸ್ವಾಮಿಯ ಹೊನ್ನೆಮರದ ಹೊಸಿಲು

ನಾಳೆ ಹನ್ನೊಂದು ಗಂಟೆಗೆ ಅಮ್ಮನನ್ನು ಆಸ್ಪತ್ರೆಯಿಂದ ಕರೆತರುತ್ತೇನೆ ಎಂದು ಮೈತ್ರಿ ಫೋನಿನಲ್ಲಿ ಹೇಳಿದಾಗ ಬಡಗಿ ವೆಂಕಟಸ್ವಾಮಿಗೆ ಸಂತೋಷವೇ ಆಗಬೇಕಿತ್ತು. ಆದರೆ ಮಗಳು ಮಾತು ಮುಗಿಸಿರಲಿಲ್ಲ.

"ಅಪ್ಪಾ, ವಾಕರ್ ಹಿಡ್ಕೊಂಡೇ ನಡೀಬೇಕಂತೆ. ಸೊಂಟದ ಆಪರೇಷನ್ ಅಲ್ವಾ, ಕಾಲು ಎತ್ತೋ ಹಾಗಿಲ್ಲ. ಮನೇಲಿ ಹೊಸಿಲು ಇರಬಾರ್ದು ಅಂದ್ರು."

ವೆಂಕಟಸ್ವಾಮಿ ತಿರುಗಿ ನೋಡಿದರು. ಬಾಗಿಲಿಗೆ ಅಡ್ಡಲಾಗಿ ನಾಲ್ಕಿಂಚು ಎತ್ತರದ ಹೊನ್ನೆಮರದ ಹೊಸಿಲು.

ಜಯನಗರದ ಎಷ್ಟೋ ಮನೆಗಳಿಗೆ ಬಾಗಿಲು ಮಾಡಿಕೊಟ್ಟವರು ಅವರು. ಸುದ್ದಗುಂಟೆಪಾಳ್ಯದ ತಮ್ಮ ಮನೆಯನ್ನು ಮಾತ್ರ ಭಾನುವಾರಗಳಲ್ಲಿ, ಹನ್ನೊಂದು ವರ್ಷ ಕಟ್ಟಿದ್ದರು. ಕೆಡವಿದ ಹಳೇ ಮನೆಗಳ ತೊಲೆ ಹೊತ್ತು ತಂದು ಅಟ್ಟ, ಮೆಟ್ಟಿಲು, ದೇವರ ಗೂಡು, ಎಲ್ಲವನ್ನೂ ಕೈಯಾರೆ ಮಾಡಿದ್ದರು. ಬೇರೆಯವರ ಮನೆಗಾದರೆ ಹೊಸಿಲನ್ನು ಮುಂದೆ ಬಿಚ್ಚಲು ಬರುವಂತೆ ಕೂಡಿಸುತ್ತಿದ್ದರು. ತಮ್ಮ ಹೊಸಿಲನ್ನು ಯಾರೂ ಎಂದೂ ಬಿಚ್ಚಬಾರದೆಂಬ ಹಠಕ್ಕೆ ಕೂಡಿಕೆಯ ಒಳಗೇ ಬೆಣೆ ಹೊಡೆದು ಬಿಗಿದುಬಿಟ್ಟಿದ್ದರು. ಈಗ ಅವರಿಂದಲೂ ಬಿಚ್ಚಲಾಗದು. ಕೊಯ್ಯಬೇಕು. ಕೊಯ್ದರೆ ಬಾಗಿಲ ಚೌಕಟ್ಟಿನ ಎರಡು ಕಾಲಿಗೂ ಹಿಡಿತ ತಪ್ಪುತ್ತದೆ, ಅಟ್ಟದ ಭಾರವೋ ಪೂರ್ತಿ ಆ ಚೌಕಟ್ಟಿನ ಮೇಲೆ.

ಪಕ್ಕದ ಮನೆಯ ದಾನಮ್ಮ ತನ್ನ ಅತ್ತೆಯ ಹಳೇ ವಾಕರ್ ತಂದುಕೊಟ್ಟಳು. ಹೊಸಿಲಿನ ಎರಡೂ ಕಡೆ ಹಲಗೆ ಇಳಿಜಾರು ಹಾಕಿ ವೆಂಕಟಸ್ವಾಮಿ ತಾವೇ ನಡೆದು ನೋಡಿದರು. ವಾಕರ್ ಜಾರಿತು, ಧೊಪ್ಪನೆ ಕೂತರು.

"ನೀವೇ ಬಿದ್ರೆ ಅಕ್ಕನ್ನ ಯಾರಣ್ಣ ಎತ್ತೋದು?" ಎಂದು ನಕ್ಕ ದಾನಮ್ಮ, ಅವರು ಗರಗಸ ತೆಗೆದದ್ದು ಕಂಡು ನಗು ನಿಲ್ಲಿಸಿದಳು. "ಅಯ್ಯೋ, ಅಕ್ಕ ದಿನಾ ಅರಿಸಿನ ಕುಂಕುಮ ಇಟ್ಟ ಹೊಸಿಲು. ಅದಕ್ಕೆ ಗರಗಸ ಹಾಕ್ತೀರಾ?"

ಅವರು ಗರಗಸ ಕೆಳಗಿಟ್ಟರು. ಹೆಂಡತಿಗೆ ಫೋನ್ ಮಾಡಿದರು.

"ದೀಪ ಹಚ್ಚಿ ಕೊಯ್ಯಿರಿ," ಎಂದಳು ಅಣ್ಣಮ್ಮ. "ಇಷ್ಟು ವರ್ಷ ಆ ಹೊಸಿಲಿಗೆ ಕೈಮುಗಿದಿದ್ದೀನಿ, ಅದಕ್ಕೆ ನನ್ ಮೇಲೆ ಅಷ್ಟೂ ಕರುಣೆ ಇರಲ್ವಾ? ದೇವರು ಕೇಳಿದ್ರೆ ನಾನ್ ಹೇಳ್ದೆ ಅನ್ನಿ."

"ಅಟ್ಟ ಬಿದ್ರೆ?"

"ಅದು ದೇವರ ಕೆಲ್ಸ ಅಲ್ಲ ರೀ, ನಿಮ್ಮ ಕೆಲ್ಸ."

ದೀಪ ಹಚ್ಚಿದರು. ಕೊಯ್ದರು. ನೆಲ ಅಗೆದು ಕಬ್ಬಿಣದ ಪಟ್ಟಿ ಹೂತು, ಚೌಕಟ್ಟಿನ ಕಾಲುಗಳನ್ನು ಅದಕ್ಕೆ ಬಿಗಿದು, ಮೇಲೆ ಸಿಮೆಂಟು ಮೆತ್ತಿದರು. ಅದು ಗಟ್ಟಿಯಾಗಲು ಮೂರು ದಿನವಾದರೂ ಬೇಕಿತ್ತು. ಅವರಿಗೆ ಸಿಕ್ಕಿದ್ದು ಒಂದೇ ರಾತ್ರಿ.

ಹನ್ನೊಂದಕ್ಕೆ ಆಟೋ ಬಂತು. ಒಳಗೆ ನಿಂತು ಕಾಯುತ್ತಿದ್ದ ವೆಂಕಟಸ್ವಾಮಿ ಹಸಿ ಸಿಮೆಂಟಿನ ಮೇಲೆ ಹಲಗೆ ಹಾಸಿದರು. ಅಣ್ಣಮ್ಮ ವಾಕರನ್ನು ಬಾಗಿಲಿಗೆ ತಂದಿಟ್ಟಳು, ಹಿಂದೆ ಮೈತ್ರಿ. ಅಷ್ಟರಲ್ಲಿ ಮೇಲೆ ಅಟ್ಟದಲ್ಲೆಲ್ಲೋ ಚಟ್ ಎಂದಿತು. ವೆಂಕಟಸ್ವಾಮಿ ಎರಡೂ ಕೈ ಚಾಚಿ ಚೌಕಟ್ಟನ್ನು ಅವುಚಿ ಹಿಡಿದರು.

"ರೀ, ಹಿಂಗ್ ಅಡ್ಡ ನಿಂತ್ರೆ ನಾನೆಲ್ಲಿಂದ ಬರ್ಲಿ?"

"ಸ್ವಲ್ಪ ತಡಿ. ಸದ್ದಾಯ್ತು."

"ತಡಿಯೋಕಾಗಲ್ಲ. ಕಾಲು ನಡುಗ್ತಿದೆ."

ಒಂದು ಕೈ ಬಿಟ್ಟರು. ಪಕ್ಕಕ್ಕೆ ಸರಿದು ಚೌಕಟ್ಟಿಗೆ ಭುಜ ಕೊಟ್ಟು ನಿಂತರು. ಒಂದು ಹೆಜ್ಜೆ. ವಾಕರ್. ಇನ್ನೊಂದು ಹೆಜ್ಜೆ. ಅವಳ ಸೆರಗು ಅವರ ಮೊಣಕೈ ಸವರಿಕೊಂಡು ಒಳಗೆ ಹೋಯಿತು.

"ಬಂದೆ ಕಣ್ರೀ. ಬಿಡಿ ಇನ್ನ," ಎಂದು ಅಣ್ಣಮ್ಮ ಮಂಚದ ಮೇಲಿಂದ ಕೂಗಿದಳು.

"ಹೂಂ," ಎಂದರು. ಭುಜ ಮಾತ್ರ ತೆಗೆಯಲಿಲ್ಲ.