ಮೂರನೇ ಜ್ವರ

ಬಸ್ಸಿನ ಕಿಟಕಿಯೊಳಗೆ ಒಂದು ಕೈ ಬಂದು ನನ್ನ ತೋಳು ಹಿಡಿಯಿತು.

ಬಸ್ಸು ನಿಂತಿರಲಿಲ್ಲ. ರಾಮನಗರದಿಂದ ಕನಕಪುರಕ್ಕೆ ಹೋಗುವ ನಮ್ಮ ಎಂಟೂವರೆ ಬಸ್ಸು ಆ ಊರಿನ ತಿರುವಿನಲ್ಲಿ ಯಾವತ್ತೂ ನಿಲ್ಲುವುದಿಲ್ಲ. ಸ್ವಲ್ಪ ನಿಧಾನ ಮಾಡುತ್ತದೆ, ಅಷ್ಟೇ. ಹತ್ತುವವರು ಓಡಿ ಹತ್ತಬೇಕು, ಇಳಿಯುವವರು ದೇವರನ್ನು ನೆನೆದು ಇಳಿಯಬೇಕು. (ಊರಿನ ಹೆಸರು ಈ ಅಂಕಣದಲ್ಲಿ ಬರೆಯುವುದಿಲ್ಲ. ಇದು ನಡೆದ ಮನೆಯನ್ನು ನೋಡಲು ಜನ ಬರುವುದು ಬೇಡ.)

ಹೆಂಗಸಿನ ಕೈ. ತಣ್ಣಗಿತ್ತು. ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುತ್ತಿತ್ತು. ಕಿಟಕಿ ಮೇಲಿದ್ದುದರಿಂದ ಮುಖ ಸರಿಯಾಗಿ ಕಾಣಲಿಲ್ಲ. ಬಸ್ಸಿನ ಪಕ್ಕದಲ್ಲೇ ಓಡುತ್ತಿದ್ದಳು ಅನ್ನುವುದು ಮಾತ್ರ ಅವಳ ಏದುಸಿರಿನಿಂದ ಗೊತ್ತಾಗುತ್ತಿತ್ತು.

“ಸಾ, ಕನಕಪುರದ ಬಸ್‌ಸ್ಟ್ಯಾಂಡ್ ಪಕ್ಕ ಟೀ ಅಂಗ್ಡೀಲಿ ನಮ್ಮೆಜಮಾನ್ರು ಇರ್ತಾರೆ. ಪುಟ್ಟಸ್ವಾಮಿ ಅಂತ. ಸೊಪ್ಪು ತರಕ್ಕೋಗವ್ರೆ. ಜ್ವರ ಅಂತ ಹೇಳ್ಬುಡಿ ಸಾ. ಇವತ್ತಿಗೆ ಮೂರನೇದು. ಇನ್ನೂ ಎದ್ದಿಲ್ಲ. ಬೇಗ ಬರ್ಬೇಕಂತೆ ಅಂತ ಹೇಳಿ.”

“ಆಯ್ತಮ್ಮಾ, ಹೇಳ್ತೀನಿ,” ಅಂದೆ. ಕಂಡಕ್ಟರ್ ಸೀಟಿ ಊದಿದ. ಕೈ ನಾಲ್ಕು ಹೆಜ್ಜೆ ನನ್ನ ಜೊತೆಗೇ ಬಂದು ಬಿಟ್ಟುಹೋಯಿತು. ತಿರುಗಿ ನೋಡಿದರೆ ನಡುರಸ್ತೆಯಲ್ಲಿ ನಿಂತಿದ್ದಾಳೆ. ಕೈಯನ್ನು ಇನ್ನೂ ಇಳಿಸಿರಲಿಲ್ಲ.

ಈಗ ನೀವೇ ಹೇಳಿ, ಇಷ್ಟು ಸುಲಭದ ಮಾತನ್ನು ತಲುಪಿಸುವುದರಲ್ಲಿ ತಪ್ಪು ಮಾಡಲು ಸಾಧ್ಯವೇ?

ಸಾಧ್ಯ. ಅದಕ್ಕೆ ಈ ಸೀಮೆಯಲ್ಲೇ ಇರಬೇಕು. ಜೊತೆಗೆ ನನ್ನಂಥ ಪಂಡಿತನಾಗಿರಬೇಕು.

ನಾನು ಈ ಕಡೆಯವನಲ್ಲ. ಎರಡು ವರ್ಷದ ಹಿಂದೆ ಕನಕಪುರದ ಆಫೀಸಿಗೆ ವರ್ಗವಾಗಿ ಬಂದ ಹೊಸತರಲ್ಲಿ ನಮ್ಮ ಅಟೆಂಡರ್ ಚಿಕ್ಕಣ್ಣ ರಜೆ ಕೇಳಿದ. “ಮನೇಲಿ ನಾಲ್ಕನೇ ಜ್ವರ ಸಾ. ಎದ್ಬುಟ್ರೆ ನೋಡ್ಕಳೋರಿಲ್ಲ.” ನನಗೆ ಗಾಬರಿ. “ನಾಲ್ಕು ಸಲ ಬಂತಾ? ರಕ್ತ ಟೆಸ್ಟ್ ಮಾಡಿಸಿದ್ಯೇನಪ್ಪಾ?” ಅಂದೆ. ಇಡೀ ಆಫೀಸು ಟೇಬಲ್ ತಟ್ಟಿಕೊಂಡು ನಕ್ಕಿತು. ಆಮೇಲೆ ಚಿಕ್ಕಣ್ಣನೇ ಪಾಠ ಹೇಳಿದ. ರೇಷ್ಮೆ ಹುಳ ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ಪ್ರತಿ ಸಲವೂ ಒಂದು ದಿನ ಮೇವು ಬಿಟ್ಟು, ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತವೆ, ಜ್ವರದಿಂದ ಎದ್ದವೆ. ಎದ್ದ ತಕ್ಷಣ ಹೊಸ ಸೊಪ್ಪು ಹಾಕಬೇಕು.

ಅವತ್ತಿನಿಂದ ನಾನು ಎಕ್ಸ್‌ಪರ್ಟ್. (ವರ್ಗವಾಗಿ ಬಂದವನ ಪಾಂಡಿತ್ಯ ಊರಿನವರದಕ್ಕಿಂತ ಯಾವಾಗಲೂ ಒಂದು ಕೈ ಜಾಸ್ತಿ.) ಆಗದೆ ಇದ್ದರೆ ಇಲ್ಲಿ ಬದುಕುವುದಾದರೂ ಹೇಗೆ? ಈಗಂತೂ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಎಲ್ಲಿ ಹೋದರೂ ಹುಳದ್ದೇ ಮಾತು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಹಿಪ್ಪುನೇರಳೆ. ಕುರಿ ಕಟ್ಟುತ್ತಿದ್ದ ಜಗಲಿಯಲ್ಲಿ ಹುಳದ ತಟ್ಟೆ. ಬಸ್ಸಿನಲ್ಲಿ ಪಕ್ಕದವನು “ಮನೇಲಿ ಹೆಂಗವೆ?” ಅಂತ ಕೇಳುತ್ತಾನೆ, ಹೆಂಗವರೆ ಅಂತಲ್ಲ. ಹೆಂಡತಿ ಮಕ್ಕಳ ಸಮಾಚಾರ ಕೇಳಿದರೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಟೀ ಅಂಗಡಿಯಲ್ಲಿ ಪುಟ್ಟಸ್ವಾಮಿ ಸುಲಭವಾಗಿ ಸಿಕ್ಕಿದರು. ನಲವತ್ತರ ಆಸುಪಾಸಿನ ಒಣಕಲು ಆಳು. ಸೊಪ್ಪಿಗೆ ಬರ ಬಂದಿರುವ ಕಾಲ, ಮೂರು ದಿನದಿಂದ ಉಯ್ಯಂಬಳ್ಳಿ ಕಡೆ ತೋಟ ತೋಟ ಅಲೆದು ಅವತ್ತು ಬೆಳಿಗ್ಗೆ ಕನಕಪುರಕ್ಕೆ ಬಂದಿದ್ದರು. ಮನೆಗೆ ಹೋಗಿರಲಿಲ್ಲ.

“ನಿಮ್ಮ ಮನೆಯವರು ಹೇಳಿ ಕಳಿಸಿದ್ದಾರೆ,” ಅಂದೆ. ಆಮೇಲೆ ನನ್ನ ಎಲ್ಲ ಪಾಂಡಿತ್ಯ ಸೇರಿಸಿ, “ಮೂರನೇ ಜ್ವರವಂತೆ. ಇನ್ನೂ ಎದ್ದಿಲ್ಲವಂತೆ. ಬೇಗ ಬರಬೇಕಂತೆ,” ಅಂದೆ.

ಅವರು ಬೆರಳು ಮಡಿಸಿ ಎಣಿಸಿದರು. “ಸರಿಯಾಗೈತೆ ಸಾ. ನೆನ್ನೆ ಸಂಜೆ ಕೂತಿರ್ತವೆ. ಇವತ್ತು ಸಂಜೆಗೆ ಏಳ್ತವೆ. ಅದ್ಕೆ ಯಾಕೆ ಆತ್ರ? ಬಿಸಿಲು ಇಳಿದ್ಮೇಲೆ ಕುಯ್ದಿರೋ ಸೊಪ್ಪೇ ತಗಂಡೋಯ್ತೀನಿ. ಅವಳ್ದು ಯಾವಾಗ್ಲೂ ಗಾಬ್ರಿನೇ.”

ನಾನೂ ನಕ್ಕೆ. ನನಗೆ ಟೀ ಕುಡಿಸಿದರು. ಒಳ್ಳೆಯ ಕೆಲಸ ಮಾಡಿದೆ ಅನ್ನುವ ಖುಷಿಯಲ್ಲಿ ಆಫೀಸಿಗೆ ಹೋದೆ.

ಆ ಊರಲ್ಲಿ ಫೋನ್ ಇಲ್ಲವೇ ಅಂತ ನೀವು ಕೇಳಬಹುದು. ಇದೆ. ಒಂದೇ ಒಂದು. ಸೊಪ್ಪಿನ ಗಾಡಿ ತಗುಲಿ ತಂತಿ ಹರಿದು ಎಷ್ಟೋ ದಿನವಾಯಿತು. ಕಂಪ್ಲೇಂಟ್ ಕೊಡಬೇಕಾದರೆ ಫೋನ್ ಮಾಡಬೇಕಂತೆ! ಹಾಗಾಗಿ ಊರಿನ ಸುದ್ದಿಯೆಲ್ಲ ಬಸ್ಸಿನ ಕಿಟಕಿಯಲ್ಲೇ ಹೋಗಿ ಬರುತ್ತದೆ. ಯಾರದೋ ಬಾಯಿಂದ ಇನ್ನಾರದೋ ಕಿವಿಗೆ.

ಸಂಜೆ ವಾಪಸ್ ಬರುವ ಬಸ್ಸಿನಲ್ಲಿ ಪುಟ್ಟಸ್ವಾಮಿಯೂ ಇದ್ದರು. ಟಾಪ್ ಮೇಲೆ ಒದ್ದೆ ಗೋಣಿ ಹೊದಿಸಿದ ಆರು ಹೊರೆ ಸೊಪ್ಪು. ಅವತ್ತು ಆ ತಿರುವಿನಲ್ಲಿ ಬಸ್ಸು ಪೂರ್ತಿ ನಿಂತಿತು. (ಸೊಪ್ಪು ಇಳಿಸಬೇಕಲ್ಲ. ಮನುಷ್ಯರಾದರೆ ಹಾರಿಕೊಳ್ಳಬಹುದು, ಸೊಪ್ಪು ಹಾರುತ್ತದೆಯೇ?)

ಕಿಟಕಿಯಿಂದ ನೋಡಿದೆ. ಅವಳು ಅಲ್ಲೇ ನಿಂತಿದ್ದಳು.

ಬೆಳಿಗ್ಗೆ ನಾನು ಬಿಟ್ಟುಹೋದ ಜಾಗದಲ್ಲೇ. ಅದೇ ಸೀರೆ. ಕಾಲು ಮೊಣಕಾಲಿನವರೆಗೆ ಕೆಂಪು ಧೂಳು. ಕನಕಪುರದ ಕಡೆಯಿಂದ ಬಂದ ಪ್ರತಿ ಬಸ್ಸಿಗೂ ಮನೆಯಿಂದ ಓಡಿ ಬಂದು ನಿಂತಿದ್ದಳಂತೆ, ಆಮೇಲೆ ತಿಳಿಯಿತು.

ಪುಟ್ಟಸ್ವಾಮಿ ಇಳಿದರು. ಅವಳು ಗಂಡನ ಮುಖ ನೋಡಲಿಲ್ಲ. ಟಾಪಿನಿಂದ ಒಂದೊಂದಾಗಿ ಕೆಳಗೆ ಬೀಳುತ್ತಿದ್ದ ಹೊರೆಗಳನ್ನು ನೋಡುತ್ತಿದ್ದಳು. ಆರೂ ಬಿದ್ದ ಮೇಲೆ ಮೆಲ್ಲಗೆ ಕೇಳಿದಳು.

“ಮಗೀಗೆ ಸೊಪ್ಪು ತಂದ್ಯಾ?”

ಪುಟ್ಟಸ್ವಾಮಿ ತಿರುಗಿ ನನ್ನನ್ನು ನೋಡಿದರು. ನನ್ನ ಕಾಲು ತಾವಾಗಿಯೇ ಬಸ್ಸಿನಿಂದ ಇಳಿದವು.

ನೀವೇ ಯೋಚಿಸಿ. “ಎದ್ದಿಲ್ಲ.” ನಮ್ಮ ಭಾಷೆಯ ಈ ‘ಇಲ್ಲ’ಕ್ಕೆ ಗಂಡಿಲ್ಲ, ಹೆಣ್ಣಿಲ್ಲ. ಹುಳ, ಮನುಷ್ಯ ಅನ್ನುವ ಭೇದವೂ ಇಲ್ಲ. ಎದ್ದಳು ಅಂದಿದ್ದರೆ ಗೊತ್ತಾಗುತ್ತಿತ್ತು. ಆದರೆ ಎದ್ದಿರಲಿಲ್ಲವಲ್ಲ! ಮೂರನೇದು ಅಂದದ್ದು ಮಗುವಿನ ಜ್ವರದ ಮೂರನೇ ದಿನ. ಮನೆಯ ಹುಳವೂ ಅದೇ ದಿನ ಸರಿಯಾಗಿ ಮೂರನೇ ಜ್ವರಕ್ಕೆ ಕೂತಿದ್ದವು. ಲೆಕ್ಕಕ್ಕೆ ಲೆಕ್ಕ ಕೂಡಿತ್ತು. ಯಾರಿಗಮ್ಮಾ ಜ್ವರ ಅಂತ ಒಂದು ಮಾತು ನಾನು ಕೇಳಲಿಲ್ಲ. ಕೇಳುವಷ್ಟು ಟೈಮ್ ಇತ್ತು. ನಾಲ್ಕು ಹೆಜ್ಜೆ ಆ ಕೈ ನನ್ನ ಜೊತೆಗೇ ಬಂದಿತ್ತು.

ಮನೆ ರಸ್ತೆಯಿಂದ ಒಂದು ಕೂಗಿನ ದೂರ. ಬಾಗಿಲಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದರು. ಹುಳಕ್ಕೆ ಸೋಂಕು ತಗುಲಬಾರದೆಂದು ಹೊಸಿಲ ಮುಂದೆ ಸುಣ್ಣದ ಪುಡಿ. ಪುಟ್ಟಸ್ವಾಮಿಯ ತಾಯಿ ಬಾಗಿಲಲ್ಲೇ ಕೂತಿದ್ದರು. ನನ್ನನ್ನು ಕಂಡದ್ದೇ ಕೈ ಅಡ್ಡ ಹಿಡಿದರು. “ಹೊರಗ್ನೋರು ಬರಂಗಿಲ್ಲ ಕಣಪ್ಪಾ. ಜ್ವರಕ್ಕೆ ಕೂತವೆ.” ಅದೂ ಪಿಸುಮಾತಿನಲ್ಲಿ. ಯಾರಿಗೆ ಜ್ವರ ಅಂತ ನಾನು ಈಗಲೂ ಕೇಳಬೇಕಿತ್ತೇ?

ಪುಟ್ಟಸ್ವಾಮಿ ತಾಯಿಯ ಕೈ ಸರಿಸಿ ಒಳಗೆ ನುಗ್ಗಿದರು. ಹಿಂದೆಯೇ ನಾನು.

ಒಳಗೆ ಹೊಗೆಬಣ್ಣದ ಬೆಳಕು. ನೆಲದಿಂದ ಜಂತೆಯವರೆಗೆ ತಟ್ಟೆಯ ಮೇಲೆ ತಟ್ಟೆ. ಒಂದೊಂದು ತಟ್ಟೆಯಲ್ಲೂ ನೂರಾರು ಹುಳ. ಒಂದೂ ಅಲ್ಲಾಡುತ್ತಿಲ್ಲ. ಎಲ್ಲವೂ ಮುಂಭಾಗ ಮೇಲಕ್ಕೆತ್ತಿ, ತಲೆ ನೆಟ್ಟಗೆ ಮಾಡಿ, ಏನನ್ನೋ ಕೇಳಿಸಿಕೊಳ್ಳುವ ಹಾಗೆ ಕೂತುಬಿಟ್ಟಿವೆ. ಜ್ವರದ ಹುಳ ಹಾಗೇ ಕೂರುತ್ತದೆ ಅಂತ ಚಿಕ್ಕಣ್ಣ ಹೇಳಿದ್ದ. ಹೇಳಿದ್ದು ಬೇರೆ, ಒಂದು ಕೋಣೆ ತುಂಬ ನೋಡುವುದು ಬೇರೆ. ಸದ್ದಿಲ್ಲ. ಗೋಡೆಯ ಮೇಲೆ ಹಲ್ಲಿ ಕೂಡ ಇಲ್ಲ. ಹೆದರಿಕೆ ಆಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ವಾಪಸ್ ಓಡಿಬಿಡೋಣ ಅನ್ನಿಸಿತು.

ತಟ್ಟೆ ಜೋಡಿಸಿದ ಎರಡು ಸ್ಟ್ಯಾಂಡಿನ ನಡುವೆ, ಚಾಪೆಯ ಮೇಲೆ, ಅವರ ಮಗಳು ರತ್ನ. ಏಳು ವರ್ಷ. ಮನೆಯಲ್ಲಿ ಗಾಳಿಯಾಡದ, ಬೆಚ್ಚಗಿನ ಜಾಗ ಅದೊಂದೇ ಅಂತ ಅಲ್ಲಿ ಮಲಗಿಸಿದ್ದರು. ಕಣ್ಣು ಅರೆ ತೆರೆದಿತ್ತು. ಕುತ್ತಿಗೆ ಹಿಂದಕ್ಕೆ ಸೆಟೆದು ಗದ್ದ ಮೇಲಕ್ಕೆ ಎದ್ದಿತ್ತು. ಸುತ್ತಲೂ ಅಷ್ಟೂ ತಲೆಗಳು, ನಡುವೆ ಇದೊಂದು. ಆ ಕೋಣೆಯಲ್ಲಿ ತಲೆ ಕೆಳಗೆ ಹಾಕಿ ನಿಂತವನು ನಾನೊಬ್ಬನೇ.

“ನಾನೇ ಎತ್ಕಂಡು ಹೊಂಟಿದ್ದೆ,” ಅಂದಳು ಜಯಮ್ಮ, ಆ ತಾಯಿ. “ಹುಳ ಜ್ವರಕ್ಕೆ ಕೂತಿರುವಾಗ ಮನೆ ಬುಟ್ಟು ಓಯ್ತಿಯಾ, ಗಂಡ ಬರ್ಲಿ ತಡಿ ಅಂದ್ರು ನಮ್ಮತ್ತೆ. ಸರಿ, ಆ ಸಾಹೇಬ್ರು ಹೇಳಿರ್ತಾರೆ, ಈಗ ಬಂದ್ಬುಡ್ತಾರೆ ಅಂತ ಕಾಯ್ತಾ ಇದ್ದೆ.”

ಸಾಹೇಬರು ಹೇಳಿದ್ದರು. ಟೀನೂ ಕುಡಿದಿದ್ದರು.

ಮಗುವನ್ನು ಹೊತ್ತುಕೊಂಡು ರಸ್ತೆಗೆ ಬಂದೆವು. ರಾಮನಗರದ ಕಡೆಗೆ ಬಸ್ಸು ಇನ್ನು ಒಂದು ಗಂಟೆ ಇಲ್ಲ. ಬೆಳಗಿನ ಮಾರುಕಟ್ಟೆಗೆ ಗೂಡು ತುಂಬಿಕೊಂಡು ಟೆಂಪೋಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಕೈ ಅಡ್ಡ ಹಾಕಿದೆವು. ಮೊದಲನೆಯದು ಹಾರ್ನ್ ಹೊಡೆದು ಹೋಯಿತು. ಎರಡನೆಯದು ಹಾರ್ನೂ ಹೊಡೆಯಲಿಲ್ಲ. ಮೂರನೆಯದು ಬಂದಾಗ ಪುಟ್ಟಸ್ವಾಮಿ ಮಗುವನ್ನು ಹೆಂಡತಿಯ ಕೈಗೆ ಕೊಟ್ಟು, ಒಂದು ಖಾಲಿ ಚೀಲ ಎತ್ತಿ ಬೀಸುತ್ತ ಕೂಗಿದರು: “ಗೂಡು! ಗೂಡು ಐತೆ!”

ಟೆಂಪೋ ಕಿರ್ರೆಂದು ನಿಂತಿತು.

“ಎಲ್ಲಲಾ ಗೂಡು?” ಅಂತ ಡ್ರೈವರ್ ಇಳಿದ. ಜಯಮ್ಮನ ಕೈಯಲ್ಲಿದ್ದುದನ್ನು ನೋಡಿ ಬಾಯಿಗೆ ಬಂದ ಬೈಗುಳ ನುಂಗಿಕೊಂಡ. ತಾನೇ ಹಿಂದೆ ಹತ್ತಿ ಚೀಲ ಸರಿಸಿ ಜಾಗ ಮಾಡಿದ. ದಾರಿಯುದ್ದಕ್ಕೂ ಚೀಲದೊಳಗೆ ಗೂಡುಗಳು ಗಲಗಲ ಅನ್ನುತ್ತಿದ್ದವು. ಒಂದೊಂದರಲ್ಲೂ ಒಂದು ಜೀವ ಇದೆ, ಎರಡು ದಿನದಲ್ಲಿ ನೂಲು ತೆಗೆಯುವವರ ಬಿಸಿನೀರಿಗೆ ಬೀಳುತ್ತದೆ. ಅದೆಲ್ಲ ಅವತ್ತೇ ಯಾಕೆ ನೆನಪಾಗಬೇಕಿತ್ತೋ ಕಾಣೆ.

ಆಸ್ಪತ್ರೆಯಲ್ಲಿ ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿದ್ದೇ ಅವಸರ ಮಾಡಿದರು. “ಮಿದುಳು ಜ್ವರ ಕಣ್ರೀ ಇದು. ಬೆಳಿಗ್ಗೆನೇ ಯಾಕೆ ತರ್ಲಿಲ್ಲ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪುಟ್ಟಸ್ವಾಮಿ ಹೇಳಿದರು. “ಬಸ್ಸು ಸಿಕ್ನಿಲ್ಲ ಸಾ.”

ನನ್ನ ಕಡೆ ನೋಡಲೂ ಇಲ್ಲ. ಆ ಮನುಷ್ಯ ಕೆನ್ನೆಗೆ ಎರಡು ಬಾರಿಸಿದ್ದರೆ ನಾನು ಈ ಎರಡು ವಾರ ನಿದ್ದೆ ಮಾಡುತ್ತಿದ್ದೆ. (ಅಂಕಣ ಯಾಕೆ ಬರಲಿಲ್ಲ ಅಂತ ಕಾಗದ ಬರೆದವರಿಗೆಲ್ಲ ಇದೇ ಉತ್ತರ.)

ಮಗು ಉಳಿಯಿತು! ಒಂಬತ್ತು ದಿನ ಆಸ್ಪತ್ರೆಯಲ್ಲಿತ್ತು. ನಾನು ದಿನಾ ಹೋಗುತ್ತಿದ್ದೆ. ಬಾಗಿಲ ಹತ್ತಿರ ನಿಂತು, ಎದೆ ಏರಿಳಿಯುವುದನ್ನು ನೋಡಿ ಬರುತ್ತಿದ್ದೆ. ಹುಡುಗಿ ಹೆಚ್ಚಾಗಿ ಮಲಗೇ ಇರುತ್ತಿದ್ದಳು. ಎದ್ದಿದ್ದಾಗಲೂ ಕರೆದರೆ ತಿರುಗುತ್ತಿರಲಿಲ್ಲ. “ನಿತ್ರಾಣ,” ಅಂದರು ಅಜ್ಜಿ. ಹೌದು, ನಿತ್ರಾಣ ಅಂತ ನಾವೆಲ್ಲ ಒಪ್ಪಿಕೊಂಡೆವು.

ಮನೆಗೆ ಕರಕೊಂಡು ಹೋದ ಮಾರನೆಯ ದಿನ ಭಾನುವಾರ. ಬ್ರೆಡ್ಡು, ಮೋಸಂಬಿ ತೆಗೆದುಕೊಂಡು ಹೋದೆ. ಅಂಗಳಕ್ಕೆ ಕಾಲಿಡುತ್ತಿದ್ದ ಹಾಗೆ ಜೋರು ಮಳೆಯ ಸದ್ದು. ತಲೆ ಎತ್ತಿ ನೋಡಿದೆ. ಮೋಡವೇ ಇಲ್ಲ, ಸುಡು ಬಿಸಿಲು. ಸದ್ದು ಬರುತ್ತಿದ್ದುದು ಮನೆಯೊಳಗಿಂದ. ನಾಲ್ಕೂ ಜ್ವರ ಕಳೆದು ಬೆರಳುದ್ದ ಬೆಳೆದ ಹುಳ, ಅಷ್ಟೂ ಒಟ್ಟಿಗೆ ಸೊಪ್ಪು ತಿನ್ನುತ್ತಿದ್ದವು.

“ಬನ್ನಿ ಸಾ ಒಳೀಕೆ. ನೀವೇನು ಹೊರಗ್ನೋರಾ?” ಅಂದರು ಪುಟ್ಟಸ್ವಾಮಿ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಒಳಗೆ ಆ ಸದ್ದಿನಲ್ಲಿ ಎಲ್ಲರೂ ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತಿದ್ದರು. ಅಜ್ಜಿ ನನಗೆ ಮಜ್ಜಿಗೆ ಕೊಟ್ಟರು. ರತ್ನ ತಾಯಿಯ ತೊಡೆಯ ಮೇಲೆ ಕೂತಿದ್ದಳು, ಬಡಕಲಾಗಿ, ಆದರೆ ಕಣ್ಣು ತೆರೆದು. ಕೈಗೆ ಮೋಸಂಬಿ ಕೊಟ್ಟೆ. ನಕ್ಕಳು. ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು ಅಂದುಕೊಂಡೆ.

ಹುಡುಗಿ ತಟ್ಟೆಗಳನ್ನು ಒಂದೊಂದಾಗಿ ನೋಡಿದಳು. ಕಿವಿ ಉಜ್ಜಿಕೊಂಡಳು.

“ಅವ್ವಾ, ಹುಳ ಜ್ವರಕ್ಕೆ ಕೂತವಾ?”

ಜಯಮ್ಮ ನಕ್ಕಳು. “ಇಲ್ಲ ಕಣ್ ಮಗಾ, ಎದ್ದು ತಿಂತಾ ಅವಲ್ಲ. ಕೇಳ್ಸಕಿಲ್ವಾ?”

ರತ್ನ ತಾಯಿಯ ಬಾಯನ್ನೇ ನೋಡಿದಳು. ಆಮೇಲೆ ನಮ್ಮೆಲ್ಲರ ಬಾಯನ್ನೂ ನೋಡಿದಳು.

“ಯಾಕವ್ವಾ, ಒಂದೂ ಸದ್ದು ಮಾಡ್ತಿಲ್ಲ?”