ಎಡಗೈಯ ಬಳೆ

ಮೊದಲು ಬಿಗಿಯಾದದ್ದು ಕಾಲುಂಗುರ. ಆಮೇಲೆ ಚಪ್ಪಲಿ. ಹಾಲು ಕರೆದು ಏಳುವಷ್ಟರಲ್ಲಿ ಪಾದ ಊದಿಕೊಂಡಿರುತ್ತಿತ್ತು. ‘ಉಪ್ಪಿನಕಾಯಿ ಕಮ್ಮಿ ಮಾಡು’ ಎಂದು ನಮ್ಮ ಮನೆಯವರು ರೇಗಿಸಿದರು. ನಾನೂ ನಕ್ಕೆ. ಪಾಲಹಳ್ಳಿಯಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ಡಾಕ್ಟರಿಗೆ ತೋರಿಸುವ ಹೊತ್ತಿಗೆ ಮುಖವೂ ಊದಿತ್ತು, ಅನ್ನ ಕಂಡರೆ ವಾಕರಿಕೆ. ಅವರು ರಕ್ತ ಪರೀಕ್ಷೆ ಮಾಡಿಸಿ, ಚೀಟಿ ಬರೆದು ಮೈಸೂರಿಗೆ ಕಳಿಸಿದರು.

ಎರಡೂ ಕಿಡ್ನಿ ಕೆಟ್ಟಿದ್ದವು.

ಮೈಸೂರಿನ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಮನೆಯವರು ಯಾರಾದರೂ ಕಿಡ್ನಿ ಕೊಟ್ಟರೆ ಹಾಕಬಹುದು. ಇಲ್ಲವಾದರೆ ವಾರಕ್ಕೆರಡು ಸಲ ಆಸ್ಪತ್ರೆಗೆ ಬಂದು ಮೆಷಿನ್ನಿನಲ್ಲಿ ರಕ್ತ ತೊಳೆಸಿಕೊಳ್ಳಬೇಕು. ಅದೂ ಬೇಡವೆಂದರೆ ಹೊಟ್ಟೆಗೆ ಒಂದು ಟ್ಯೂಬ್ ಇಟ್ಟು, ಮನೆಯಲ್ಲೇ ದಿನಕ್ಕೆ ಹಲವು ಸಲ ಚೀಲದ ನೀರು ತುಂಬಿ ಇಳಿಸಬೇಕು. ನಾಗಮಂಗಲದ ಕಡೆಯ ಹಳ್ಳಿಯಿಂದ ಓಡಿಬಂದ ನನ್ನ ಅವ್ವ, ‘ನಂದೇ ತಗಳ್ಳಿ, ಇನ್ನೇನ್ ಮಾಡ್ಲಿ ಅದ ಇಟ್ಕಂಡು’ ಅಂದಳು. ಅವಳಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಬೇಡವೆಂದರು. ನಮ್ಮ ಮನೆಯವರ ರಕ್ತದ ಗುಂಪು ಹೊಂದಲಿಲ್ಲ. ಅವ್ವ ಅವರ ಮೇಲೇ ಮುನಿಸಿಕೊಂಡು ಊರಿಗೆ ಹೋದಳು.

ಹೊಟ್ಟೆಯ ದಾರಿಗೆ ನಾನು ಒಪ್ಪಲಿಲ್ಲ. ‘ದನ ಕಟ್ಟೋ ಮನೆ, ಚೊಕ್ಕಟ ಎಲ್ಲಿಂದ ತರ್ಲಿ ಸಾರ್’ ಅಂದೆ. ನಿಜ ಹೇಳಬೇಕೆಂದರೆ, ಸೀರೆಯ ನಿರಿಗೆಯೊಳಗೆ ಟ್ಯೂಬ್ ನೇತಾಡುವುದನ್ನು ನೆನೆದೇ ಮೈ ಮುದುಡಿತ್ತು. ಮೆಷಿನ್ನೇ ಸಾಕು ಅಂದೆ.

ಮೆಷಿನ್ನಿಗಾಗಿ ಎಡ ಮಣಿಕಟ್ಟಿನಲ್ಲಿ ಎರಡು ರಕ್ತನಾಳ ಕೂಡಿಸಿ ಹೊಲಿದರು. ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಮುಟ್ಟಿದರೆ ಒಳಗೆ ಗುಂಯ್ ಅನ್ನುತ್ತಿತ್ತು. ‘ದಿನಾ ಬೆಳಿಗ್ಗೆ ಮುಟ್ಟಿ ನೋಡಿ, ಗುಂಯ್ ಅನ್ನದಿದ್ದರೆ ತಕ್ಷಣ ಬನ್ನಿ. ಆ ಕೈಗೆ ಭಾರ ಬೇಡ, ವಾಚು ಬೇಡ, ಬಳೆ ಬೇಡ’ ಎಂದು ನರ್ಸು ಎಚ್ಚರಿಸಿದರು. ವಾರಕ್ಕೆರಡು ಸಲ ಬಸ್ಸು, ಸೂಜಿ, ಬಾಯಾರಿಕೆ. ವಾಪಸು ಬರುವಾಗ ಕಾಲು ಎಳೆದುಕೊಂಡು ಬರುತ್ತಿದ್ದೆ. ಆದರೂ ಊತ ಇಳಿಯಿತು. ಹಸುವಿನ ಮೈ ಸವರುವಷ್ಟು ಜೀವ ಬಂತು. ಅವ್ವನಿಗೆ ಮಾತ್ರ ಕೈಯ ವಿಷಯ ಬಿಡಿಸಿ ಹೇಳಲಿಲ್ಲ. ಸಣ್ಣ ಆಪರೇಷನ್ ಅಂದುಬಿಟ್ಟೆ. ಹೆದರಿಸುವುದೇಕೆ ಎಂದುಕೊಂಡಿದ್ದೆ.

ಗೌರಿಹಬ್ಬಕ್ಕೆ ಅವ್ವ ತವರಿನ ಬಾಗಿನ ತಂದಳು. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಕುಂಕುಮ, ಹಸಿರು ಗಾಜಿನ ಬಳೆ. ನನ್ನ ಬರಿದಾದ ಎಡಗೈ ನೋಡಿ ಅವಳ ಮುಖ ಸಣ್ಣದಾಯಿತು.

‘ಮುತ್ತೈದೆ ಇಂಗೆ ಬೋಳುಗೈಲಿ ಬಾಗ್ನ ಈಸ್ಕತಾರಾ ಮಗ?’

‘ಡಾಕ್ಟ್ರು ಬ್ಯಾಡ ಅಂದವ್ರೆ ಕಣವ್ವ.’

‘ಗೌರಮ್ಮನ ಮುಂದೆ ಒಂದ್ಗಳಿಗೆ ಇಕ್ಕಂಡು ತಗದ್ಬುಡು.’

ಒಂದು ಗಳಿಗೆ ತಾನೆ, ಎಂದು ಕೈ ನೀಡಿದೆ. ಸೋಪು ಹಚ್ಚಿ, ಬೆರಳು ಮಡಿಸಿ, ಅವ್ವ ಒಂದೊಂದಾಗಿ ಏರಿಸಿದಳು. ಪೂಜೆ ಮುಗಿಯಿತು. ಇಳಿಸಲು ಹೋದರೆ ಬರಲಿಲ್ಲ. ಕೈ ಆಗಲೇ ದಪ್ಪಗಾಗಿತ್ತು. ಎಣ್ಣೆ ಸುರಿದರೂ ಜಗ್ಗಲಿಲ್ಲ.

‘ಒಡ್ದಾಕ್ತೀನಿ ತತ್ತ’ ಅಂದರು ನಮ್ಮ ಮನೆಯವರು.

ಅವ್ವ ಅಡ್ಡ ನಿಂತಳು. ‘ಅಬ್ಬದ ದಿವ್ಸ ಗಂಡನೇ ಬಳೆ ಒಡೆಯದಾ? ಬುಡ್ತು ಅನ್ನಿ ಅಳಿಮಯ್ಯ! ಊತ ಇಳೀಲಿ, ಬೆಳಿಗ್ಗೆ ತಗೀತೀನಿ.’

ಅವರು ನನ್ನ ಮುಖ ನೋಡಿದರು. ಗಂಡ ಬದುಕಿರುವಾಗ ಯಾರು ಬಳೆ ಒಡೆಯುತ್ತಾರೆ? ಬೆಳಿಗ್ಗೆ ನೋಡೋಣ ಅಂದೆ.

ಬೆಳಿಗ್ಗೆ ಮುಟ್ಟಿ ನೋಡಿದೆ. ಮತ್ತೆ ಮುಟ್ಟಿದೆ.

ಕೈ ಸುಮ್ಮನಾಗಿತ್ತು.

ಆಗ ವಿಷಯವನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ನನ್ನ ಕೈಯನ್ನು ಟವೆಲ್ಲಿನ ಮೇಲಿಟ್ಟು, ತಾನು ಎಲೆ ಅಡಿಕೆ ಕುಟ್ಟುವ ಕುಟ್ಟಾಣಿಯಿಂದ ತಾನು ತೊಡಿಸಿದ ಬಳೆಗಳನ್ನು ತಾನೇ ಒಡೆದಳು. ಅವಳ ಕಣ್ಣೀರು ನನ್ನ ಕೈಮೇಲೆ ಬೀಳುತ್ತಿತ್ತು.

ಮೈಸೂರಿಗೆ ಓಡಿದೆವು. ರಕ್ತ ಹೆಪ್ಪುಗಟ್ಟಿ ಫಿಸ್ಟುಲಾ ಮುಚ್ಚಿಹೋಗಿತ್ತು. ‘ಬಳೆಯಿಂದಲೇ ಆಯ್ತು ಅಂತ ಖಚಿತವಾಗಿ ಹೇಳೋಕಾಗಲ್ಲಮ್ಮ. ಬಿ.ಪಿ. ಇಳಿದರೂ ಹೀಗಾಗುತ್ತೆ’ ಅಂದರು ಡಾಕ್ಟರು. ಅವ್ವ ಆ ಮಾತನ್ನು ನಂಬಲಿಲ್ಲ. ನಾನೂ ಪೂರ್ತಿ ನಂಬಿಲ್ಲ. ಕುತ್ತಿಗೆಗೆ ಟ್ಯೂಬ್ ಹಾಕಿ ಡಯಾಲಿಸಿಸ್ ನಡೆಸಿದರು. ಜ್ವರ ಬಂದು ಆಸ್ಪತ್ರೆಯಲ್ಲೇ ಮಲಗಿದೆ. ಅದೇ ಎಡಗೈಯ ಮೊಣಕೈ ಮೇಲೆ ಹೊಸ ಫಿಸ್ಟುಲಾ ಮಾಡಿ ಅದು ಬಲಿಯುವವರೆಗೂ ಜೀವ ಕೈಯಲ್ಲಿ ಹಿಡಿದಿದ್ದೆವು. ಹೊಟ್ಟೆಯ ಟ್ಯೂಬಿಗೆ ನಾಚಿಕೊಂಡವಳು ಕುತ್ತಿಗೆಯ ಟ್ಯೂಬು ಹೊತ್ತು ಬಸ್ಸಿನಲ್ಲಿ ಓಡಾಡಿದೆ! ಹೊಟ್ಟೆಯ ದಾರಿಗೂ ಅದರದೇ ತೊಂದರೆ ಇರುತ್ತದೆ, ಬಲ್ಲೆ. ಆದರೆ ಡಾಕ್ಟರ ಮಾತನ್ನು ಪೂರ್ತಿ ಕೇಳಿಸಿಕೊಂಡಾದರೂ ಬೇಡ ಅನ್ನಬಹುದಿತ್ತು. ಅವ್ವನಿಗೂ ಮೊದಲೇ ಬಿಡಿಸಿ ಹೇಳಬಹುದಿತ್ತು. ಅವಳನ್ನು ಹೆದರಿಸಬಾರದೆಂದು ಹೋಗಿ, ಸಾಯುವವರೆಗೂ ಹೊರುವಂಥದ್ದನ್ನು ಅವಳ ತಲೆಗೆ ಹೊರಿಸಿಬಿಟ್ಟೆ.

ಈಗ ಅವ್ವ ಬಂದರೆ ನೀರು ಕುಡಿಯುವ ಮೊದಲು ನನ್ನ ತೋಳಿಗೆ ಕಿವಿ ಇಡುತ್ತಾಳೆ. ‘ಗುಂಯ್ ಅಂತೈತೆ’ ಎಂದ ಮೇಲೇ ಕೂರುವುದು.

ಈ ಸಲದ ಬಾಗಿನದಲ್ಲಿ ಬಳೆ ಇರಲಿಲ್ಲ. ಕೇಳಿದೆ. ‘ಮರ್ತೋಯ್ತು’ ಎಂದು ಒಳಗೆ ಹೋದಳು. ನನಗೆ ಸಂಕಟವಾಯಿತು. ಅವಳನ್ನು ಹೊರಡಿಸಿಕೊಂಡು ಶ್ರೀರಂಗಪಟ್ಟಣದ ಬಳೆ ಅಂಗಡಿಗೆ ಹೋಗಿ ಬಲಗೈ ನೀಡಿದೆ. ಬಳೆಗಾರ ಹಸಿರು ಬಳೆ ತೊಡಿಸಿ, ‘ಇನ್ನೊಂದ್ ಕೈ ಕೊಡವ್ವ’ ಅಂದ.

ಅವ್ವ ನನ್ನ ಎಡಗೈಯನ್ನು ತನ್ನ ಸೆರಗಿನೊಳಗೆ ಎಳೆದುಕೊಂಡಳು.

‘ಒಂದೇ ಸಾಕು ಕಣಪ್ಪ’ ಅಂದಳು.